ಹೆಸರು ಹೇಳದೆ ನಂಬಿಕೆ ಗಳಿಸುವುದು, ಹೆಸರು ಕೇಳದೆ ನಂಬುವುದು: ಆನ್‌ಲೈನ್ ಜಾಗಗಳಿಗೆ ಒಂದು ಮಾರ್ಗದರ್ಶಿ

ಆನ್‌ಲೈನ್ ಆಟ, ವಿಆರ್ (ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಹೊಕ್ಕುವ ಕೃತಕ ಲೋಕ) ಕೂಟ, ಚಾಟ್ ಗ್ರೂಪ್, ಡೇಟಿಂಗ್ ಆ್ಯಪ್, ಒಂದೇ ಕಾಯಿಲೆ ಇರುವವರು ಒಬ್ಬರಿಗೊಬ್ಬರು ಧೈರ್ಯ ಹೇಳುವ ಬಳಗ. ಎಲ್ಲಿಗೇ ಹೋಗಿ, ಒಳಗೆ ಕಾಲಿಡುವಾಗಲೇ ಎರಡು ಪ್ರಶ್ನೆ ಏಳುತ್ತವೆ. ನಾನು ಯಾರು ಅಂತ ಎಷ್ಟು ಹೇಳಲಿ? ಎದುರಿಗಿರುವವರು ಯಾರು ಅಂತ ಎಷ್ಟು ಕೇಳಲಿ?

ಈ ವಿಷಯದಲ್ಲಿ ಜನ ಎರಡು ಗುಂಪಾಗಿಬಿಡುತ್ತಾರೆ. "ತಪ್ಪು ಮಾಡದವರಿಗೆ ಹೆಸರು ಹೇಳೋಕೆ ಏನು ಭಯ?" ಅನ್ನುವವರು ಒಂದು ಕಡೆ. "ಒಂದು ಸಲ ಹೆಸರು ಕೊಟ್ಟರೆ ಮುಗೀತು, ವಾಪಸ್ ಸಿಗಲ್ಲ" ಅನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತು ನಿಜ. ಮೊದಲನೆಯವರ ಆತಂಕವೂ ಸುಳ್ಳಲ್ಲ, ಫೇಕ್ ಅಕೌಂಟಿನಿಂದ ಕಿರುಕುಳ ಅನುಭವಿಸಿದವರನ್ನು ಕೇಳಿ ನೋಡಿ. ಆದರೆ ಇಬ್ಬರೂ ಒಂದು ಸಂಗತಿ ಮರೆಯುತ್ತಾರೆ. ಗುರುತು ಖಚಿತಪಡಿಸುವುದು ಅಂದರೆ ಮನುಷ್ಯನ ಪೂರ್ತಿ ಜಾತಕ ಬಿಡಿಸಬೇಕು ಅಂತ ಏನಿಲ್ಲ. ಆ ಜಾಗಕ್ಕೆ, ಆ ಕೆಲಸಕ್ಕೆ ಯಾವ ಒಂದು ವಿಷಯ ಗೊತ್ತಾಗಬೇಕೋ ಅದು ಖಚಿತವಾದರೆ ಸಾಕು. ಮುಂದಿನ ಹೆಜ್ಜೆಗಳೆಲ್ಲ ಇದೇ ಮಾತಿನ ಮೇಲೆ ನಿಂತಿವೆ.

ಎಲ್ಲರ ಹೆಸರೂ ಕೇಳಿದರೆ ಏನಾಗುತ್ತದೆ?

ಇದನ್ನು ಒಂದು ದೇಶವೇ ಮಾಡಿ ನೋಡಿದೆ. ದಕ್ಷಿಣ ಕೊರಿಯಾದಲ್ಲಿ 2007ರಲ್ಲಿ ಒಂದು ಕಾನೂನು ಬಂತು. ದೊಡ್ಡ ವೆಬ್‌ಸೈಟುಗಳಲ್ಲಿ ಏನಾದರೂ ಬರೆಯಬೇಕಾದರೆ ಮೊದಲು ನಿಜವಾದ ಗುರುತು ಖಚಿತಪಡಿಸಬೇಕು ಅನ್ನುವುದು ಆ ಕಾನೂನು. ಬೈಗುಳ, ಸುಳ್ಳು ಆರೋಪ ಕಡಿಮೆಯಾಗಲಿ ಅನ್ನುವುದು ಅದರ ಆಸೆ. ಸೈಟುಗಳ ಹತ್ತಿರ ಜನರ ಗುರುತಿನ ವಿವರ ರಾಶಿ ಬಿತ್ತು. 2011ರಲ್ಲಿ ನೇಟ್ ಮತ್ತು ಸೈವರ್ಲ್ಡ್ ಎಂಬ ಎರಡು ತಾಣಗಳಿಗೆ ಕನ್ನ ಬಿದ್ದು, ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಒಮ್ಮತದಿಂದ ಆ ನಿಯಮವನ್ನು ರದ್ದು ಮಾಡಿತು. ಕಾನೂನು ಬಂದ ಮೇಲೆ ಕೆಟ್ಟ ಬರಹ ಹೇಳಿಕೊಳ್ಳುವಷ್ಟು ಕಡಿಮೆಯಾಗಿದೆ ಎನ್ನುವುದಕ್ಕೆ ಪುರಾವೆ ಇಲ್ಲ, ಜನ ವಿದೇಶಿ ತಾಣಗಳಿಗೆ ಹೋದರು ಅಷ್ಟೇ ಎಂದು ಕೋರ್ಟು ಹೇಳಿತು.

ನಿಜವಾದ ಹೆಸರು ಹಾಕಿಕೊಂಡರೆ ಜನ ಮರ್ಯಾದೆಯಿಂದ ಮಾತಾಡುತ್ತಾರೆ ಅನ್ನುವ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಜರ್ಮನಿಯ ಒಂದು ಆನ್‌ಲೈನ್ ಮನವಿ ತಾಣದ 5 ಲಕ್ಷಕ್ಕೂ ಜಾಸ್ತಿ ಕಾಮೆಂಟುಗಳನ್ನು ಪರಿಶೀಲಿಸಿದ ಸಂಶೋಧನೆ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಸ್ವಂತ ಹೆಸರು ಹಾಕಿ ಬರೆದವರೇ ಹೆಚ್ಚು ಕಟುವಾಗಿ ಬರೆದಿದ್ದರು. ತಾವು ನ್ಯಾಯದ ಪರ ಇದ್ದೇವೆ ಅಂದುಕೊಂಡವರಿಗೆ ಹೆಸರು ಬಚ್ಚಿಡುವ ಅಗತ್ಯ ಕಾಣುವುದಿಲ್ಲ. ಟಿವಿ ಚರ್ಚೆಗಳನ್ನು ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ.

ಹಾಗಂತ ಯಾರನ್ನೂ ಏನೂ ಕೇಳಬಾರದು ಅಂತಲ್ಲ. ಹಣ ಕೈ ಬದಲಾಗುವಲ್ಲಿ, ಮಕ್ಕಳು ಇರುವಲ್ಲಿ, ಒಬ್ಬರ ಮಾತನ್ನು ನಂಬಿ ಇನ್ನೊಬ್ಬರು ಔಷಧಿ ತೆಗೆದುಕೊಳ್ಳುವಲ್ಲಿ ಕೇಳಲೇಬೇಕು. ಏನನ್ನು ಕೇಳಬೇಕು ಅನ್ನುವುದೇ ಮುಖ್ಯ.

ಹೆಜ್ಜೆ 1: "ನೀವು ಯಾರು?" ಎಂಬ ಪ್ರಶ್ನೆಯನ್ನು ಬಿಡಿಸಿ

"ನೀವು ಯಾರು?" ಎಂಬ ಒಂದೇ ಪ್ರಶ್ನೆಯ ಹೊಟ್ಟೆಯಲ್ಲಿ ಹಲವು ಪ್ರಶ್ನೆಗಳು ಅಡಗಿವೆ. ಇವರು ನಿಜವಾದ ಮನುಷ್ಯರಾ, ಮನುಷ್ಯರಂತೆ ಬರೆಯುವ ಕಂಪ್ಯೂಟರ್ ಪ್ರೋಗ್ರಾಮಾ (ಬಾಟ್)? ನಿನ್ನೆ ಮಾತಾಡಿದವರೇ ಇವತ್ತೂ ಮಾತಾಡುತ್ತಿದ್ದಾರಾ? ಒಬ್ಬರೇ ಹತ್ತು ಅಕೌಂಟ್ ಇಟ್ಟುಕೊಂಡು ಓಟು ಹಾಕುತ್ತಿದ್ದಾರಾ? ವಯಸ್ಸು 18 ದಾಟಿದೆಯಾ? ಹೇಳಿಕೊಳ್ಳುವ ಓದು, ಕೆಲಸ ನಿಜವಾ? ಕೊನೆಯದಾಗಿ, ಸರ್ಕಾರಿ ದಾಖಲೆಯಲ್ಲಿರುವ ಹೆಸರೇನು?

ಕೊನೆಯ ಪ್ರಶ್ನೆ ಬೇಕಾಗುವುದು ತೀರಾ ಕಡಿಮೆ ಕಡೆ. ಆಟದಲ್ಲಿ ನಿಮ್ಮ ತಂಡಕ್ಕೆ ಸೇರಿದವರ ಪಾಸ್‌ಪೋರ್ಟಿನ ಹೆಸರು ಕಟ್ಟಿಕೊಂಡು ಏನಾಗಬೇಕು? ಹೋದ ವಾರ ಮಾತು ಕೊಟ್ಟವರೇ ಇವರು ಅಂತ ಗೊತ್ತಾದರೆ ಸಾಕು. ಓಟಿಂಗ್ ನಡೆಯುವ ಕೂಟದಲ್ಲಿ ಒಬ್ಬರಿಗೆ ಒಂದೇ ಅಕೌಂಟ್ ಅನ್ನುವುದು ಮುಖ್ಯ. ಔಷಧಿ ಸಲಹೆ ಕೊಡುವ ಗ್ರೂಪಿನಲ್ಲಿ ಸಲಹೆ ಕೊಡುವವರು ವೈದ್ಯರಾ ಅನ್ನುವುದು ಮುಖ್ಯ, ಸಲಹೆ ಕೇಳುವವರ ಹೆಸರು ಯಾರಿಗೂ ಬೇಡ.

ಯಾವುದೇ ಜಾಗಕ್ಕೆ ಸೇರುವ ಮೊದಲು, ಅಥವಾ ನೀವೇ ಒಂದು ಜಾಗ ಶುರು ಮಾಡುವ ಮೊದಲು, ಇವುಗಳಲ್ಲಿ ನಿಜವಾಗಿ ಯಾವುದು ಬೇಕು ಅಂತ ಒಂದು ಸಾಲು ಬರೆದುಕೊಳ್ಳಿ. ಬರೆಯಲು ಕೂತಾಗಲೇ ಅರ್ಧ ಗೊಂದಲ ಕಳೆಯುತ್ತದೆ.

ಹೆಜ್ಜೆ 2: ಒಂದು ಅಡ್ಡಹೆಸರು ಆರಿಸಿ, ಅದನ್ನು ಉಳಿಸಿಕೊಳ್ಳಿ

ಯಾವ ಹೆಸರೂ ಇಲ್ಲದಿರುವುದು ಬೇರೆ, ಅಡ್ಡಹೆಸರಿನಲ್ಲಿ ಇರುವುದು ಬೇರೆ. ದಿನಕ್ಕೊಂದು ಹೆಸರಿನಲ್ಲಿ ಬಂದು ಹೋಗುವವರಿಗೆ ಕಳೆದುಕೊಳ್ಳಲು ಏನೂ ಇಲ್ಲ. ಮೂರು ವರ್ಷ ಒಂದೇ ಅಡ್ಡಹೆಸರಿನಲ್ಲಿ ಇದ್ದವರಿಗೆ ಆ ಹೆಸರೇ ಆಸ್ತಿ. ಅವರು ಯಾರಿಗೆ ಸಹಾಯ ಮಾಡಿದರು, ಯಾವ ಜಗಳದಲ್ಲಿ ಹೇಗೆ ನಡೆದುಕೊಂಡರು, ತಪ್ಪಾದಾಗ ಒಪ್ಪಿಕೊಂಡರಾ ಅನ್ನುವುದೆಲ್ಲ ಅದಕ್ಕೆ ಅಂಟಿಕೊಂಡಿರುತ್ತದೆ. ಐಡಿ ಕಾರ್ಡಿನಲ್ಲಿ ಇದ್ಯಾವುದೂ ಬರೆದಿರುವುದಿಲ್ಲ. ನನ್ನನ್ನು ಕೇಳಿದರೆ, ಹೆಚ್ಚಿನ ಆನ್‌ಲೈನ್ ಜಾಗಗಳಿಗೆ ಇದೇ ಸರಿಯಾದ ದಾರಿ.

ಆದರೆ ಅಡ್ಡಹೆಸರು ನಿಲ್ಲಬೇಕಾದರೆ ಸ್ವಲ್ಪ ಶಿಸ್ತು ಬೇಕು.

ಬೇರೆ ಎಲ್ಲೂ ಬಳಸದ ಹೆಸರು ಆರಿಸಿ. ಹಳೆಯ ಇಮೇಲಿನ ಮೊದಲ ಭಾಗವನ್ನೇ ಆಟದ ಹೆಸರಾಗಿ ಇಡುವವರು ಬಹಳ ಜನ. ಹುಡುಕು ತಾಣದಲ್ಲಿ ಅದನ್ನು ಹಾಕಿದರೆ ಎಲ್ಲ ಅಕೌಂಟ್ ಒಟ್ಟಿಗೆ ಬಂದು ನಿಲ್ಲುತ್ತವೆ. ಅದರಲ್ಲಿ ಹುಟ್ಟಿದ ವರ್ಷ ಸೇರಿಸಬೇಡಿ. ಅಕೌಂಟಿಗೆ ಪ್ರತ್ಯೇಕ ಇಮೇಲ್ ಇಡಿ. ಡಿಪಿಗೆ ಬೇರೆ ಕಡೆ ಹಾಕಿದ ಫೋಟೋ ಬೇಡ, ಚಿತ್ರ ಹಾಕಿ ಹುಡುಕುವ ಸೌಲಭ್ಯ ಈಗ ಎಲ್ಲರ ಫೋನಿನಲ್ಲೂ ಇದೆ. ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಕೇಳಿದರೆ ಕೊಡಬೇಡಿ. ಕೊಟ್ಟರೆ "ನಿಮಗೆ ಇವರು ಗೊತ್ತಿರಬಹುದು" ಅಂತ ನಿಮ್ಮ ಅಡ್ಡಹೆಸರು ಆಫೀಸಿನವರ ಮುಂದೆ ಹೋಗಿ ಕೂರುತ್ತದೆ. ಫೋನ್ ನಂಬರ್ ಕಾಣದಂತೆ ಮಾತಾಡುವ ಸೌಲಭ್ಯ ಇದೆಯಾ ನೋಡಿ. ಸಿಗ್ನಲ್ ಎಂಬ ಮೆಸೇಜ್ ಆ್ಯಪ್ 2024ರಲ್ಲಿ ಯೂಸರ್‌ನೇಮ್ ತಂದಿತು, ಆ ಮೇಲೆ ಹೊಸಬರಿಗೆ ನಂಬರ್ ಕೊಡದೆಯೇ ಅಲ್ಲಿ ಮಾತಾಡಬಹುದು.

ಅಡ್ಡಹೆಸರಿನ ಅಕೌಂಟಿಗೆ ಗಟ್ಟಿ ಬೀಗವೂ ಬೇಕು, ಯಾಕಂದರೆ ಅದನ್ನು ಕಳೆದುಕೊಂಡರೆ "ಅದು ನನ್ನದೇ" ಅಂತ ತೋರಿಸಲು ನಿಮ್ಮ ಹತ್ತಿರ ದಾಖಲೆ ಇರುವುದಿಲ್ಲ. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೀಗ ತೆರೆಯುವ ಬೆರಳು ಅಥವಾ ಮುಖದಿಂದಲೇ ಒಳಹೋಗುವ ವ್ಯವಸ್ಥೆ) ಇದ್ದರೆ ಅದನ್ನು ಹಾಕಿಕೊಳ್ಳಿ. ಇಲ್ಲದಿದ್ದರೆ 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಯ ಕೋಡ್ ಕೊಡುವ ಆಥೆಂಟಿಕೇಟರ್ ಆ್ಯಪ್ ಸಾಕು. ಎಸ್‌ಎಂಎಸ್ ಓಟಿಪಿಯಲ್ಲಿ ಎರಡು ತೊಂದರೆ. ಅದು ಅಕೌಂಟನ್ನು ನಿಮ್ಮ ನಂಬರಿಗೆ ಕಟ್ಟಿಹಾಕುತ್ತದೆ. ಜೊತೆಗೆ, ನಿಮ್ಮ ಹೆಸರಲ್ಲಿ ಬೇರೆಯವರು ಸಿಮ್ ತೆಗೆಸಿಕೊಂಡರೆ ಕೋಡ್ ಅವರಿಗೇ ಹೋಗುತ್ತದೆ. ಫೋನ್ ಕಳೆದುಹೋದಾಗ ಒಳಹೋಗಲು ತಾಣ ಕೊಡುವ ರಿಕವರಿ ಕೋಡುಗಳನ್ನು ಕಾಗದದ ಮೇಲೆ ಬರೆದು ಭದ್ರವಾಗಿ ಎತ್ತಿಡಿ.

ಹೆಜ್ಜೆ 3: ಹೆಸರಿಲ್ಲದೆಯೂ ನೀವು ಎಲ್ಲೆಲ್ಲಿ ಸಿಕ್ಕಿಬೀಳುತ್ತೀರಿ ನೋಡಿಕೊಳ್ಳಿ

ಹೆಸರು ತೆಗೆದರೆ ಗುರುತು ಹೋಯಿತು ಅಂದುಕೊಳ್ಳುವುದು ದೊಡ್ಡ ತಪ್ಪು. 2000ರಲ್ಲಿ ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ ಅಮೆರಿಕದ ಜನಗಣತಿ ಇಟ್ಟುಕೊಂಡು ಒಂದು ಲೆಕ್ಕ ಹಾಕಿದರು. ಹುಟ್ಟಿದ ದಿನಾಂಕ, ಲಿಂಗ, 5 ಅಂಕಿಯ ಪಿನ್‌ಕೋಡ್ ಈ ಮೂರೇ ಗೊತ್ತಿದ್ದರೆ ಅಲ್ಲಿನ ಶೇ. 87ರಷ್ಟು ಜನರನ್ನು ಬೇರೆಯಾಗಿ ಗುರುತಿಸಬಹುದು ಅನ್ನುವುದು ಅವರ ಅಂದಾಜು. 2006ರಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್ನೆಟ್ ಕಂಪನಿ ಸಂಶೋಧನೆಗಾಗಿ ಸುಮಾರು 6.5 ಲಕ್ಷ ಬಳಕೆದಾರರ ಹುಡುಕಾಟದ ದಾಖಲೆಯನ್ನು ಹೆಸರಿನ ಬದಲು ನಂಬರ್ ಹಾಕಿ ಬಿಡುಗಡೆ ಮಾಡಿತು. ಕೆಲವೇ ದಿನದಲ್ಲಿ ಪತ್ರಕರ್ತರು ಬರೀ ಹುಡುಕಿದ ಪದಗಳ ಜಾಡು ಹಿಡಿದು ಒಬ್ಬ ಮಹಿಳೆಯ ಮನೆ ಬಾಗಿಲು ತಟ್ಟಿದರು. ದಾಖಲೆಯಲ್ಲಿ ಆಕೆಗೆ ಇದ್ದದ್ದು ಬರೀ ಒಂದು ನಂಬರ್.

ಹಾಗಾಗಿ ಚೂರುಗಳ ಮೇಲೆ ಗಮನ ಇಡಿ. ಒಂದು ದಿನ ಊರಿನ ಮಳೆ, ಇನ್ನೊಂದು ದಿನ ಕೆಲಸದ ಜಾಗ, ಮತ್ತೊಂದು ದಿನ ಮಗುವಿನ ಹುಟ್ಟುಹಬ್ಬ. ಬಿಡಿಬಿಡಿಯಾಗಿ ಏನೂ ಅಲ್ಲ. ಆರು ತಿಂಗಳ ಚಾಟ್ ಮೇಲೆ ಯಾರಾದರೂ ಬೆರಳಾಡಿಸಿದರೆ ಎಲ್ಲ ಕೂಡಿಕೊಳ್ಳುತ್ತದೆ. ಇಂಥ ವಿವರ ಹೇಳಲೇಬೇಕು ಅನ್ನಿಸಿದರೆ ಸ್ವಲ್ಪ ಮಸುಕು ಮಾಡಿ: ತಾರೀಕಿನ ಬದಲು ತಿಂಗಳು, ಊರಿನ ಬದಲು ದೇಶ, ಹುದ್ದೆಯ ಬದಲು ಕ್ಷೇತ್ರ. ಸುಳ್ಳು ಹೇಳುವುದಕ್ಕಿಂತ ಇದು ಸುಲಭ. ಹೇಳಿದ ಸುಳ್ಳನ್ನೆಲ್ಲ ನೆನಪಿಡುವ ತಲೆನೋವು ಇರುವುದಿಲ್ಲ.

ಫೋಟೋ ಇನ್ನೊಂದು ಬಾಯಿಬಡುಕ. 2012ರ ಡಿಸೆಂಬರ್‌ನಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದ ಸಾಫ್ಟ್‌ವೇರ್ ಉದ್ಯಮಿ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿದ್ದಾರೆ ಅಂತ ಬಯಲಾಗಿದ್ದು ಒಂದು ಫೋಟೋದಿಂದ. ಅವರ ಜೊತೆಗಿದ್ದ ಪತ್ರಕರ್ತರು ಪ್ರಕಟಿಸಿದ ಆ ಫೋಟೋದೊಳಗೆ ಜಿಪಿಎಸ್ ವಿವರ ಹಾಗೇ ಉಳಿದಿತ್ತು. ಅನೇಕ ದೊಡ್ಡ ಆ್ಯಪ್‌ಗಳು ಈಗ ಇದನ್ನು ತಾವೇ ತೆಗೆಯುತ್ತವೆ, ಆದರೆ ಫೋಟೋವನ್ನು ಫೈಲ್ ಆಗಿ ಕಳಿಸಿದಾಗ ಎಷ್ಟೋ ಕಡೆ ಹಾಗೇ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿಬಿಡಿ.

ವಿಆರ್ ಹೆಡ್‌ಸೆಟ್ ಬಳಸುವವರು ಒಂದು ವಿಷಯ ತಿಳಿದಿರಲೇಬೇಕು. ಅಲ್ಲಿ ಮುಖ ಕಾಣುವುದಿಲ್ಲ, ನಿಮ್ಮ ಬದಲು ಅಲ್ಲಿ ಓಡಾಡುವ ಗೊಂಬೆ, ಅಂದರೆ ಅವತಾರ್, ಯಾವುದೋ ಪ್ರಾಣಿಯದ್ದೂ ಆಗಿರಬಹುದು. ಆದರೂ ನೀವು ತಲೆ ಆಡಿಸುವ ರೀತಿ, ಕೈ ಬೀಸುವ ರೀತಿ ನಿಮ್ಮದೇ. 2023ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ಬೀಟ್ ಸೇಬರ್ ಎಂಬ ಆಟದ 50,000ಕ್ಕೂ ಹೆಚ್ಚು ಆಟಗಾರರ ಚಲನೆಯ ದಾಖಲೆಯನ್ನು ಪರೀಕ್ಷಿಸಿದರು. ತಲೆ ಮತ್ತು ಎರಡು ಕೈಗಳ 100 ಸೆಕೆಂಡಿನ ಚಲನೆ ಇದ್ದರೆ ಅಷ್ಟೂ ಜನರ ನಡುವೆ ಇವರು ಇಂಥವರೇ ಅಂತ ಶೇ. 94ಕ್ಕೂ ಹೆಚ್ಚು ನಿಖರವಾಗಿ ಹೇಳಬಹುದು ಅಂತ ಗೊತ್ತಾಯಿತು. ಇದಕ್ಕೆ ಸಾಮಾನ್ಯ ಬಳಕೆದಾರರು ಮಾಡುವಂಥದ್ದು ಹೆಚ್ಚೇನಿಲ್ಲ. ಗುಟ್ಟಾಗಿ ಇರಲೇಬೇಕಾದ ಮಾತುಕತೆಗೆ ವಿಆರ್ ಜಾಗ ಆರಿಸಬೇಡಿ, ಬರಹದ ಚಾಟ್ ಸಾಕು. ಒಂದೇ ಹೆಡ್‌ಸೆಟ್‌ನಲ್ಲಿ ಅಸಲಿ ಹೆಸರಿನ ಅಕೌಂಟ್, ಗುಟ್ಟಿನ ಅಕೌಂಟ್ ಎರಡನ್ನೂ ಓಡಿಸಬೇಡಿ. ಧ್ವನಿಗೂ ಇದೇ ಮಾತು.

ಹೆಜ್ಜೆ 4: ಯಾರಾದರೂ ಐಡಿ ಕೇಳಿದರೆ

ಇದು ಈಗ ಜಾಸ್ತಿಯಾಗುತ್ತಿದೆ. ಬ್ರಿಟನ್ನಿನಲ್ಲಿ 2025ರ ಜುಲೈನಿಂದ ವಯಸ್ಕರ ತಾಣಗಳು ಬಳಕೆದಾರರ ವಯಸ್ಸು ಪರೀಕ್ಷಿಸಲೇಬೇಕು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್‌ನಿಂದ ದೊಡ್ಡ ಸೋಶಿಯಲ್ ಮೀಡಿಯಾ ತಾಣಗಳು 16 ವರ್ಷದೊಳಗಿನವರಿಗೆ ಅಕೌಂಟ್ ಕೊಡುವಂತಿಲ್ಲ. ಮಕ್ಕಳ ಸುರಕ್ಷತೆ ನಿಜಕ್ಕೂ ದೊಡ್ಡ ವಿಷಯ. ಆದರೆ ಕೊಟ್ಟ ಐಡಿ ಎಲ್ಲಿಗೆ ಹೋಗುತ್ತದೆ ಅನ್ನುವುದೂ ದೊಡ್ಡ ವಿಷಯವೇ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಚಾಟ್ ತಾಣ ತನ್ನ ಗ್ರಾಹಕ ಸೇವೆ ನೋಡಿಕೊಳ್ಳುವ ಹೊರಗಿನ ಕಂಪನಿಯ ಮೂಲಕ ಮಾಹಿತಿ ಸೋರಿದೆ ಎಂದು ತಿಳಿಸಿತು. ಸುಮಾರು 70,000 ಬಳಕೆದಾರರ ಸರ್ಕಾರಿ ಐಡಿ ಫೋಟೋಗಳು ಅದರಲ್ಲಿ ಸಿಕ್ಕಿಕೊಂಡಿರಬಹುದು ಎಂದಿತು. ವಯಸ್ಸಿನ ಬಗ್ಗೆ ತಕರಾರು ಬಂದಾಗ ನಂಬಿಕೊಂಡು ಕಳಿಸಿದ ಫೋಟೋಗಳು ಅವು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಮುಖವನ್ನೂ ಹುಟ್ಟಿದ ದಿನವನ್ನೂ ಬದಲಾಯಿಸುವುದು ಹೇಗೆ?

ಐಡಿ ಕೇಳಿದ ತಕ್ಷಣ ಮೊದಲು ನೋಡಬೇಕಾದ್ದು ಕೋರಿಕೆ ಎಲ್ಲಿಂದ ಬಂತು ಅನ್ನುವುದನ್ನು. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ. ಆ್ಯಪ್ ತೆರೆದು, ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲೂ ಅದೇ ಕೋರಿಕೆ ಇದೆಯಾ ನೋಡಿ. ಯಾವ ಅಡ್ಮಿನ್‌ಗೂ ಡಿಎಂನಲ್ಲಿ (ಖಾಸಗಿ ಮೆಸೇಜಿನಲ್ಲಿ) ಐಡಿ ಕಳಿಸಬೇಡಿ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಅವರ ಫೋನ್ ನಾಳೆ ಯಾರ ಕೈಲಿರುತ್ತದೋ.

ಆಮೇಲೆ ಸಹಾಯ ಪುಟದಲ್ಲಿ ಮೂರು ಉತ್ತರ ಹುಡುಕಿ: ಪರೀಕ್ಷೆ ಮಾಡುವವರು ಯಾರು, ಚಿತ್ರವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಬೇರೆ ದಾರಿ ಇದೆಯಾ. ಮುಖ ನೋಡಿ ವಯಸ್ಸು ಅಂದಾಜಿಸುವುದು, ಕ್ರೆಡಿಟ್ ಕಾರ್ಡಿನಿಂದ ಖಚಿತಪಡಿಸುವುದು ಹೀಗೆ ಕೆಲವು ಕಡೆ ಎರಡು ಮೂರು ದಾರಿ ಇರುತ್ತವೆ. ಮುಖದ ಚಿತ್ರ ಫೋನ್ ಬಿಟ್ಟು ಹೊರಗೆ ಹೋಗದಿದ್ದರೆ ಅದು ದಾಖಲೆ ಕಳಿಸುವುದಕ್ಕಿಂತ ವಾಸಿ. ಆದರೆ 17, 18, 19ರ ಆಸುಪಾಸಿನವರಿಗೆ ಈ ಅಂದಾಜು ಕೈಕೊಡುತ್ತದೆ, ಅದಕ್ಕೆ ಸಿದ್ಧರಾಗಿರಿ.

ದಾಖಲೆಯನ್ನೇ ಕಳಿಸಬೇಕಾಗಿ ಬಂತು ಅಂದುಕೊಳ್ಳಿ. ಹೀಗೆ ಮಾಡಿ. ಕಾರ್ಡನ್ನು ಸಾದಾ ಬಿಳಿ ಹಾಳೆಯ ಮೇಲಿಡಿ, ಹಿಂದೆ ಮನೆಯ ವಸ್ತುಗಳು ಕಾಣಬಾರದು. ಅವರಿಗೆ ಬೇಡದ ಭಾಗಗಳನ್ನು, ಉದಾಹರಣೆಗೆ ದಾಖಲೆಯ ಸಂಖ್ಯೆ, ವಿಳಾಸ, ಕ್ಯೂಆರ್ ಕೋಡ್, ಫೋಟೋ ತೆಗೆಯುವ ಮೊದಲೇ ಕಾಗದದ ಚೂರಿನಿಂದ ಮುಚ್ಚಿ. ಎಡಿಟರ್‌ನಲ್ಲಿ ಕಪ್ಪು ಬಳಿಯುವುದಕ್ಕಿಂತ ಇದು ಎಷ್ಟೋ ಮೇಲು. ಹೈಲೈಟರ್‌ನಂಥ ಬ್ರಷ್ ಬಳಸಿದರೆ ಕೆಳಗಿನ ಅಕ್ಷರ ಬ್ರೈಟ್‌ನೆಸ್ ಏರಿಸಿದಾಗ ಕಾಣಿಸುತ್ತದೆ. ಕತ್ತರಿಸಿದರೆ ಹೋಯಿತು ಅಂತಲೂ ನಂಬಬೇಡಿ. ಗೂಗಲ್‌ನ ಪಿಕ್ಸೆಲ್ ಫೋನುಗಳ ಸ್ಕ್ರೀನ್‌ಶಾಟ್ ಎಡಿಟರ್‌ನಲ್ಲಿ ಕತ್ತರಿಸಿದ ಭಾಗವನ್ನು ಮತ್ತೆ ಹೊರಗೆ ತೆಗೆಯಬಹುದಾದ ದೋಷವೊಂದು 2023ರಲ್ಲಿ ಬಯಲಾಗಿತ್ತು. ಕಾಗದದ ಚೂರಿಗೆ ಅಂಥ ದೋಷ ಇಲ್ಲ. ಕೊನೆಗೆ ಚಿತ್ರದ ಮೇಲೆ ಅಡ್ಡಡ್ಡವಾಗಿ "ಇಂಥ ತಾಣದ ವಯಸ್ಸಿನ ಪರೀಕ್ಷೆಗೆ ಮಾತ್ರ" ಅಂತ ಬರೆದು ತಾರೀಕು ಹಾಕಿ. ನಾಳೆ ಅದು ಸೋರಿದರೂ ಬೇರೆಯವರು ಅದನ್ನು ತೋರಿಸಿ ಸಾಲ ತೆಗೆಯುವುದು ಕಷ್ಟವಾಗುತ್ತದೆ.

ಕೆಲವು ಯಂತ್ರಗಳು ಮುಚ್ಚಿದ ದಾಖಲೆಯನ್ನು ಒಪ್ಪುವುದಿಲ್ಲ. ಆಗ ಈ ಜಾಗ ನನಗೆ ಅಷ್ಟು ಬೇಕಾ ಅಂತ ಯೋಚಿಸಿ. ಸುಮ್ನೆ ಸ್ಟಿಕ್ಕರ್ ಕಳಿಸಲು ಇರುವ ಗ್ರೂಪಿಗೆ ಪಾಸ್‌ಪೋರ್ಟ್ ಕೊಡುವ ಅಗತ್ಯ ಖಂಡಿತ ಇಲ್ಲ.

ಇದಕ್ಕಿಂತ ಒಳ್ಳೆಯ ದಾರಿ ತಾಂತ್ರಿಕವಾಗಿ ಇದೆ, ಹೊಸದೂ ಅಲ್ಲ. ಗುಟ್ಟು ಬಿಟ್ಟುಕೊಡದೆಯೇ ಗುಟ್ಟು ನನಗೆ ಗೊತ್ತು ಅಂತ ಸಾಬೀತು ಮಾಡುವ ಗಣಿತವನ್ನು ಗೋಲ್ಡ್‌ವಾಸರ್, ಮಿಕಾಲಿ, ರಾಕಾಫ್ ಎಂಬ ಮೂವರು 1985ರಲ್ಲೇ ಮುಂದಿಟ್ಟರು. ಅದರ ಆಧಾರದ ಮೇಲೆ ಫೋನಿನಲ್ಲಿರುವ ಡಿಜಿಟಲ್ ವಾಲೆಟ್ "ಇವರಿಗೆ 18 ದಾಟಿದೆ" ಅನ್ನುವ ಒಂದೇ ಉತ್ತರ ಕೊಡಬಹುದು. ಹೆಸರು, ಹುಟ್ಟಿದ ದಿನ ಎರಡೂ ಹೊರಗೆ ಬರುವುದಿಲ್ಲ. ಯುರೋಪಿಯನ್ ಒಕ್ಕೂಟ 2024ರಲ್ಲಿ ತಂದ ನಿಯಮದ ಪ್ರಕಾರ ಅಲ್ಲಿನ ದೇಶಗಳು ಪ್ರಜೆಗಳಿಗೆ ಇಂಥ ವಾಲೆಟ್ ಒದಗಿಸಬೇಕು, ಅದರಲ್ಲಿ ಬೇಕಾದ ವಿವರ ಮಾತ್ರ ತೋರಿಸುವ ಅವಕಾಶ ಇರಬೇಕು. ನೀವಿರುವ ಕಡೆ ಇಂಥ ಆಯ್ಕೆ ಸಿಕ್ಕರೆ ಅದನ್ನೇ ಹಿಡಿಯಿರಿ.

ಹೆಜ್ಜೆ 5: ಎದುರಿನವರನ್ನು ಖಚಿತಪಡಿಸಿಕೊಳ್ಳುವುದು

ಬ್ಲೂ ಟಿಕ್ ನೋಡಿ ನಂಬುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಟಿಕ್ ಏನು ಹೇಳುತ್ತದೆ ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ. 2022ರ ನವೆಂಬರ್‌ನಲ್ಲಿ ಟ್ವಿಟರ್ ತಿಂಗಳಿಗೆ 8 ಡಾಲರ್ ಕೊಟ್ಟವರಿಗೆ ಟಿಕ್ ಕೊಡಲು ಶುರು ಮಾಡಿತು. ಔಷಧಿ ಕಂಪನಿ ಎಲಿ ಲಿಲ್ಲಿಯ ಹೆಸರಿನಲ್ಲಿ ಯಾರೋ ಅಕೌಂಟ್ ತೆರೆದು, ಟಿಕ್ ಕೊಂಡು, ಇನ್ಸುಲಿನ್ ಇನ್ನು ಮೇಲೆ ಉಚಿತ ಅಂತ ಹಾಕಿದರು. ಅಸಲಿ ಕಂಪನಿ ಕ್ಷಮೆ ಕೇಳಿ, ಅದು ನಾವಲ್ಲ ಅಂತ ಹೇಳಬೇಕಾಯಿತು.

ಸಂಸ್ಥೆ, ಪತ್ರಕರ್ತರು, ಕಲಾವಿದರ ವಿಷಯದಲ್ಲಿ ಎರಡೂ ಕಡೆಯ ಲಿಂಕ್ ನೋಡಿ. ಅಕೌಂಟಿನಿಂದ ಅವರ ವೆಬ್‌ಸೈಟಿಗೆ ಲಿಂಕ್ ಇದ್ದರೆ ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಹಾಕಬಹುದು. ವೆಬ್‌ಸೈಟಿನಿಂದಲೂ ಆ ಅಕೌಂಟಿಗೆ ಲಿಂಕ್ ಇದ್ದರೆ ಮಾತ್ರ ನಂಬಬಹುದು. ಮಾಸ್ಟೊಡಾನ್ ಎಂಬ ಸೋಶಿಯಲ್ ಮೀಡಿಯಾ ತಾಣ ಇದನ್ನು ತಾನೇ ಪರೀಕ್ಷಿಸಿ ಲಿಂಕಿಗೆ ಹಸಿರು ಗುರುತು ಹಾಕುತ್ತದೆ. ಅಂಥದ್ದೇ ಇನ್ನೊಂದು ತಾಣ ಬ್ಲೂಸ್ಕೈನಲ್ಲಿ ತಮ್ಮ ವೆಬ್‌ಸೈಟಿನ ವಿಳಾಸವನ್ನೇ ಹೆಸರಾಗಿ ಇಟ್ಟುಕೊಳ್ಳಬಹುದು. ಯಾರ ಐಡಿಯೂ ಬೇಕಾಗಿಲ್ಲ, ಅಲ್ವಾ?

ಗೆಳೆಯರ ವಿಷಯದಲ್ಲಿ ಪರೀಕ್ಷೆ ಬೇರೆ ಥರ. ಎರಡು ವರ್ಷದಿಂದ ಜೊತೆಗೆ ಆಡುವವರು ಒಂದು ರಾತ್ರಿ ಹೀಗೆ ಬರೆಯುತ್ತಾರೆ ಅಂದುಕೊಳ್ಳಿ.

"ಸ್ವಲ್ಪ ತುರ್ತಿದೆ. ಈ ಗಿಫ್ಟ್ ಕಾರ್ಡ್ ಕೋಡ್ ತಗೊಂಡು ಕಳಿಸ್ತೀಯಾ? ನಾಳೆ ದುಡ್ಡು ಹಾಕ್ತೀನಿ."

"ಖಂಡಿತ. ಅದಕ್ಕೆ ಮೊದಲು ನಮ್ಮ ಮಾತು ಹೇಳು."

"ಯಾವ ಮಾತು? ಟೈಮ್ ಇಲ್ಲ ಕಣೋ, ಬೇಗ ಕಳಿಸು."

ಅಲ್ಲಿಗೆ ನಿಲ್ಲಿಸಿ. ಹತ್ತಿರದ ಆನ್‌ಲೈನ್ ಗೆಳೆಯರ ಜೊತೆ ಮೊದಲೇ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಂಡಿರಿ. ಅದನ್ನು ಚಾಟ್‌ನಲ್ಲಿ ಬರೆದಿಡಬೇಡಿ, ಕಾಲ್‌ನಲ್ಲಿ ಹೇಳಿಕೊಳ್ಳಿ. ಅಕೌಂಟ್ ಕದ್ದವರ ಹತ್ತಿರ ಹಳೆಯ ಚಾಟ್ ಪೂರ್ತಿ ಇರುತ್ತದೆ, ಈ ಮಾತು ಇರುವುದಿಲ್ಲ. ಗೆಳೆಯರ ಅಸಲಿ ಹೆಸರು ನಿಮಗೆ ಇವತ್ತಿಗೂ ಗೊತ್ತಿಲ್ಲದಿರಬಹುದು, ಆದರೂ ಅವರು ಅವರೇ ಹೌದಾ ಅಂತ ಇದರಿಂದ ತಿಳಿಯುತ್ತದೆ. ಆಮೇಲೆ ಬೇರೆ ಆ್ಯಪ್‌ನಲ್ಲಿ ಅಥವಾ ಮತ್ತೊಬ್ಬ ಗೆಳೆಯರ ಮೂಲಕ ಅವರನ್ನು ಸಂಪರ್ಕಿಸಿ, ಅಕೌಂಟ್ ಹೋಗಿದೆ ಅಂತ ತಿಳಿಸಿ.

ವಿಡಿಯೋ ಕಾಲ್ ಮಾಡಿದರೆ ಸಾಕಲ್ಲ ಅನ್ನಬಹುದು. ಮೊದಲ ಭೇಟಿಗೆ ಮುಂಚೆ ಡೇಟಿಂಗ್ ಆ್ಯಪ್‌ನವರ ಜೊತೆ ಒಂದು ಸಣ್ಣ ವಿಡಿಯೋ ಕಾಲ್ ಮಾಡುವುದು ಒಳ್ಳೆಯದೇ. ಹಣದ ವಿಷಯಕ್ಕೆ ಅದು ಸಾಲದು. 2024ರ ಆರಂಭದಲ್ಲಿ ಎಂಜಿನಿಯರಿಂಗ್ ಕಂಪನಿ ಅರೂಪ್‌ನ ಹಾಂಕಾಂಗ್ ಉದ್ಯೋಗಿಯೊಬ್ಬರು ವಿಡಿಯೋ ಕಾಲ್‌ನಲ್ಲಿ ಕಂಡ ಮೇಲಧಿಕಾರಿ, ಸಹೋದ್ಯೋಗಿಗಳನ್ನು ನಂಬಿ ಸುಮಾರು 20 ಕೋಟಿ ಹಾಂಕಾಂಗ್ ಡಾಲರ್ ವರ್ಗಾಯಿಸಿದರು. ಕಾಲ್‌ನಲ್ಲಿದ್ದ ಉಳಿದ ಮುಖಗಳೆಲ್ಲ ಡೀಪ್‌ಫೇಕ್, ಅಂದರೆ ಕಂಪ್ಯೂಟರ್ ಸೃಷ್ಟಿಸಿದ ನಕಲಿಗಳು. ಹಣ, ಓಟಿಪಿ, ಖಾಸಗಿ ಚಿತ್ರ ಈ ಮೂರರಲ್ಲಿ ಯಾವುದು ಕೇಳಿದರೂ ಕಾಲ್ ಕಟ್ ಮಾಡಿ, ನಿಮ್ಮ ಹತ್ತಿರ ಮೊದಲೇ ಇದ್ದ ನಂಬರಿಗೆ ನೀವೇ ಕರೆ ಮಾಡಿ.

ಹೆಜ್ಜೆ 6: ನೀವೇ ಅಡ್ಮಿನ್ ಆಗಿದ್ದರೆ

ಜವಾಬ್ದಾರಿ ಹೆಚ್ಚಾಗುವುದು ಇಲ್ಲೇ. 2010ರ ಜುಲೈನಲ್ಲಿ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿ ತನ್ನ ಚರ್ಚಾ ಜಾಗದಲ್ಲಿ ಎಲ್ಲರ ನಿಜ ಹೆಸರು ಕಾಣಿಸುತ್ತದೆ ಎಂದು ಘೋಷಿಸಿತು. ಇದರಲ್ಲಿ ಅಪಾಯ ಇಲ್ಲ ಅಂತ ತೋರಿಸಲು ಸಿಬ್ಬಂದಿಯೊಬ್ಬರು ತಮ್ಮ ನಿಜ ಹೆಸರು ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಜನ ಅವರ ಖಾಸಗಿ ವಿವರಗಳನ್ನೆಲ್ಲ ಹುಡುಕಿ ಹರಡಿದರು. ಕೆಲವೇ ದಿನದಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು.

ನಿಮ್ಮ ಜಾಗವನ್ನು ಪದರ ಪದರವಾಗಿ ಕಟ್ಟಿ. ಓದಲು, ಕೇಳಲು, ಪರಿಚಯ ಮಾಡಿಕೊಳ್ಳಲು ಅಡ್ಡಹೆಸರು ಸಾಕು. ಹೊಸಬರು ಮೊದಲ ವಾರ ಲಿಂಕ್ ಹಾಕುವಂತಿಲ್ಲ, ಎಲ್ಲರಿಗೂ ಡಿಎಂ ಕಳಿಸುವಂತಿಲ್ಲ ಅಂತ ಮಾಡಿದರೆ ಸ್ಪ್ಯಾಮ್ ಮಾಡುವವರಲ್ಲಿ ಬಹುಪಾಲು ಬೇಸತ್ತು ಹೋಗುತ್ತಾರೆ. ಕೊಡುಕೊಳ್ಳುವ ಚಾನೆಲ್‌ಗೆ ಇಬ್ಬರು ಹಳೆಯ ಸದಸ್ಯರ ಶಿಫಾರಸು ಕೇಳಿ. ಸಲಹೆ ಕೊಡುವ ವೈದ್ಯರು, ವಕೀಲರು, ಮಕ್ಕಳ ಗ್ರೂಪ್ ನೋಡಿಕೊಳ್ಳುವ ಮಾಡರೇಟರ್, ಹಣ ಇಟ್ಟುಕೊಳ್ಳುವವರು ಇಂಥವರ ಗುರುತು ಮಾತ್ರ ಗಟ್ಟಿಯಾಗಿ ಪರಿಶೀಲಿಸಿ. ಅಧಿಕಾರ ಹೆಚ್ಚಿದಂತೆ ಪರಿಶೀಲನೆ ಹೆಚ್ಚಲಿ. ಎಷ್ಟೋ ಕಡೆ ಇದು ಉಲ್ಟಾ ಇದೆ, ಹೊಸಬರಿಗೆ ನೂರೆಂಟು ಪ್ರಶ್ನೆ, ಅಡ್ಮಿನ್ ಯಾರು ಅಂತ ಯಾರಿಗೂ ಗೊತ್ತಿಲ್ಲ.

ಪರಿಶೀಲಿಸಿದ ಮೇಲೆ ಫಲಿತಾಂಶ ಇಟ್ಟುಕೊಳ್ಳಿ, ದಾಖಲೆ ಇಟ್ಟುಕೊಳ್ಳಬೇಡಿ. ವೈದ್ಯರ ನೋಂದಣಿಯನ್ನು ವಿಡಿಯೋ ಕಾಲ್‌ನಲ್ಲಿ ಇಬ್ಬರು ಮಾಡರೇಟರ್‌ಗಳು ನೋಡಲಿ, ಸಾರ್ವಜನಿಕ ವೈದ್ಯರ ಪಟ್ಟಿಯ ಜೊತೆ ತಾಳೆ ನೋಡಲಿ. ಆಮೇಲೆ "ಇಂಥ ದಿನ, ಇಬ್ಬರು ನೋಡಿದ್ದಾರೆ, ಸರಿ ಇದೆ" ಅಂತ ಒಂದೇ ಸಾಲು ಬರೆದಿಡಿ. ಸ್ಕ್ರೀನ್‌ಶಾಟ್ ಬೇಡ. ನಿಮ್ಮ ಹತ್ತಿರ ಇಲ್ಲದ್ದನ್ನು ಯಾರೂ ಕದಿಯಲಾರರು.

ನಿಜ ಹೆಸರು ಹೇಳಲು ಆಗದವರ ಬಗ್ಗೆ ಯೋಚಿಸಿ. ಗಂಡನ ಹೊಡೆತದಿಂದ ತಪ್ಪಿಸಿಕೊಂಡು ಬಂದವರು, ಮನೆಯಲ್ಲಿ ಇನ್ನೂ ಹೇಳಿಕೊಳ್ಳದ ಸಲಿಂಗಿಗಳು, ಕಂಪನಿಯ ಅಕ್ರಮ ಬಯಲು ಮಾಡಿದವರು. ದಾಖಲೆಯ ಹೆಸರೇ ತಮ್ಮ ಹೆಸರಲ್ಲ ಅನ್ನುವವರೂ ಇದ್ದಾರೆ. 2014ರಲ್ಲಿ ಫೇಸ್‌ಬುಕ್ ವೇದಿಕೆಯ ಹೆಸರಿನಲ್ಲಿದ್ದ ಅನೇಕ ಡ್ರ್ಯಾಗ್ ಕಲಾವಿದರ (ಹೆಚ್ಚಾಗಿ ಹೆಣ್ಣುವೇಷ ತೊಟ್ಟು ಪ್ರದರ್ಶನ ಕೊಡುವವರು) ಅಕೌಂಟ್ ನಿಲ್ಲಿಸಿ, ಆಮೇಲೆ ಕ್ಷಮೆ ಕೇಳಬೇಕಾಯಿತು. ಗೂಗಲ್ ಪ್ಲಸ್ ಕೂಡ 2011ರಲ್ಲಿ ತಂದ ನಿಜ ಹೆಸರಿನ ನಿಯಮವನ್ನು 2014ರಲ್ಲಿ ತೆಗೆದುಹಾಕಿತು.

ಕಿರುಕುಳ ತಡೆಯಲು ಯಾರ ಹೆಸರೂ ಬೇಡದ ಸಾಧನಗಳು ಎಷ್ಟೋ ಇವೆ. ಬ್ಲಾಕ್, ಮ್ಯೂಟ್, ಒಬ್ಬರೇ ಮೇಲಿಂದ ಮೇಲೆ ಬರೆಯಲಾಗದಂತೆ ಚಾನೆಲ್ ನಿಧಾನ ಮಾಡುವುದು, ದೂರು ಬಂದರೆ ಗಂಟೆಗಳೊಳಗೆ ನೋಡುವ ಇಬ್ಬರು ಮನುಷ್ಯರು. ವಿಆರ್ ಕೂಟದಲ್ಲಿ ಬೇರೆಯವರ ಅವತಾರ್ ಮೈಮೇಲೆ ಬರುವ ತೊಂದರೆಗೆ ಫೇಸ್‌ಬುಕ್‌ನ ಮಾಲೀಕ ಕಂಪನಿ ಮೆಟಾ 2022ರಲ್ಲಿ ಅವತಾರ್‌ಗಳ ನಡುವೆ ಸುಮಾರು 4 ಅಡಿ ಅಂತರ ಇರುವ ವ್ಯವಸ್ಥೆ ತಂದಿತು. ಇಂಥ ಸೆಟ್ಟಿಂಗ್ ಇದ್ದರೆ ಅದು ಮೊದಲಿನಿಂದಲೇ ಆನ್ ಇರುವ ಹಾಗೆ ನೋಡಿಕೊಳ್ಳಿ.

ಹೆಜ್ಜೆ 7: ಕಿರುಕುಳ ಆದಾಗ

ಅಡ್ಡಹೆಸರಿನ ಹಿಂದೆ ಕೂತು ಯಾರೋ ಬೆದರಿಸುತ್ತಿದ್ದರೆ ಮೊದಲು ಸಾಕ್ಷಿ ಉಳಿಸಿ, ಆಮೇಲೆ ಬ್ಲಾಕ್ ಮಾಡಿ. ಸ್ಕ್ರೀನ್‌ಶಾಟ್‌ನಲ್ಲಿ ದಿನ, ಸಮಯ ಕಾಣಲಿ. ಮೆಸೇಜಿನ ಲಿಂಕ್ ಕಾಪಿ ಮಾಡಿ. ಅಕೌಂಟಿನ ತೋರಿಕೆಯ ಹೆಸರನ್ನು ಕ್ಷಣದಲ್ಲಿ ಬದಲಾಯಿಸಬಹುದು, ಹಾಗಾಗಿ ಅದರ ಹಿಂದಿರುವ ಖಾಯಂ ಐಡಿ ಸಂಖ್ಯೆ ಸಿಕ್ಕರೆ ಬರೆದುಕೊಳ್ಳಿ. ಅದನ್ನು ತಾಣಕ್ಕೆ ದೂರು ಕೊಡಿ. ಜೀವ ಬೆದರಿಕೆ, ಮಕ್ಕಳ ವಿಷಯ, ಹಣದ ಮೋಸ ಇದ್ದರೆ ಪೊಲೀಸರಿಗೂ ಕೊಡಿ. ತಾಣಗಳ ಹತ್ತಿರ ಐಪಿ ವಿಳಾಸ (ಯಾವ ಇಂಟರ್ನೆಟ್ ಸಂಪರ್ಕದಿಂದ ಬಂದರು ಅನ್ನುವ ಸಂಖ್ಯೆ), ಲಾಗಿನ್ ದಾಖಲೆ ಸಾಮಾನ್ಯವಾಗಿ ಇರುತ್ತವೆ. ಪೊಲೀಸರು ಕಾನೂನಿನ ಮೂಲಕ ಕೇಳಿದರೆ ಅವು ಸಿಗಬಹುದು.

ಆದರೆ ನೀವೇ ಪತ್ತೇದಾರರಾಗಿ ಅವರ ಹೆಸರು, ವಿಳಾಸ ಹುಡುಕಿ ಬಹಿರಂಗ ಮಾಡಬೇಡಿ. 2013ರ ಬಾಸ್ಟನ್ ಬಾಂಬ್ ಸ್ಫೋಟದ ನಂತರ ರೆಡ್ಡಿಟ್ ಎಂಬ ಚರ್ಚಾ ತಾಣದಲ್ಲಿ ಸಾವಿರಾರು ಜನ ಸೇರಿ ಅಪರಾಧಿಯನ್ನು ಹುಡುಕಲು ಹೊರಟರು. ಏನೂ ತಪ್ಪು ಮಾಡದ ಒಬ್ಬ ವಿದ್ಯಾರ್ಥಿಯ ಹೆಸರು ಎಲ್ಲೆಡೆ ಹರಡಿತು. ಆ ಹುಡುಗ ಅದಾಗಲೇ ತೀರಿಹೋಗಿದ್ದ, ಮನೆಯವರು ಅವನನ್ನು ಹುಡುಕುತ್ತಿದ್ದರು. ಆ ಕುಟುಂಬ ಅನುಭವಿಸಿದ್ದನ್ನು ನೆನೆದರೆ ಈ ಕೆಲಸಕ್ಕೆ ಕೈ ಹಾಕಬೇಕು ಅನ್ನಿಸುವುದಿಲ್ಲ.

ಹೆಜ್ಜೆ 8: ಬಿಟ್ಟು ಹೋಗುವಾಗ

ಒಂದು ಜಾಗ ಸಾಕಾಯಿತು ಅನ್ನಿಸಿದರೆ ಆ್ಯಪ್ ತೆಗೆದುಹಾಕಿ ಸುಮ್ಮನಾಗಬೇಡಿ, ಅಕೌಂಟ್ ಹಾಗೇ ಉಳಿದಿರುತ್ತದೆ. ಮೊದಲು ನಿಮ್ಮ ಡೇಟಾದ ಪ್ರತಿ ಇಳಿಸಿಕೊಂಡು ಏನೇನು ಕೊಟ್ಟಿದ್ದೀರಿ ಅಂತ ನೋಡಿ. ಹಿಂದೆ ಐಡಿ ಕೊಟ್ಟಿದ್ದರೆ ಅದನ್ನು ಅಳಿಸಿ, ಅಳಿಸಿದ್ದೀರಾ ಅಂತ ಬರಹದಲ್ಲಿ ತಿಳಿಸಿ ಎಂದು ತಾಣಕ್ಕೂ, ಪರೀಕ್ಷೆ ಮಾಡಿದ ಹೊರಗಿನ ಕಂಪನಿಗೂ ಬೇರೆಬೇರೆ ಇಮೇಲ್ ಕಳಿಸಿ. ಯುರೋಪಿನ ಜಿಡಿಪಿಆರ್‌ನಂಥ ಖಾಸಗಿ ಮಾಹಿತಿ ರಕ್ಷಿಸುವ ಕಾನೂನು ಇರುವ ಕಡೆ ಇದಕ್ಕೆ ಅವರು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಉತ್ತರ ಬಂದ ಮೇಲೆಯೇ ಅಕೌಂಟ್ ಅಳಿಸಿ, ಮೊದಲೇ ಅಳಿಸಿದರೆ ಅದು ನಿಮ್ಮದೇ ಅಂತ ತೋರಿಸಲು ಮತ್ತೆ ಐಡಿ ಕೇಳುತ್ತಾರೆ. ಆ ಅಡ್ಡಹೆಸರಿಗೆ ಇಟ್ಟ ಇಮೇಲನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಿ.